ಓಣಿಯ ಖಾನಾವಳಿ, ಆಯಿಯ ರೊಟ್ಟಿ

ಬಬಲೇಶ್ವರದ ನಮ್ಮ ಮನೆಯಿಂದ ಆ ಖಾನಾವಳಿಗೆ ನಡೆದು ಹೋದರೆ ಐದೇ ನಿಮಿಷ. ಆದರೆ ಅದರ ಹೊಸ್ತಿಲು ದಾಟಲು ನನಗೂ ನನ್ನ ಮನೆಯಾಕೆಗೂ ಹನ್ನೊಂದು ವರ್ಷ ಬೇಕಾಯಿತು.

ಹನ್ನೊಂದು ವರ್ಷದ ಹಿಂದೆ ನಾನು ಶಾಲೆಯ ನೌಕರಿಯಿಂದ ನಿವೃತ್ತನಾಗಿ ಹಿರಿಯರ ಮನೆಗೆ ಮರಳಿದೆ. ಆಗಲೇ ಓಣಿಯ ತುದಿಯಲ್ಲಿ ಆ ಖಾನಾವಳಿ ಇತ್ತು. ತಗಡಿನ ಚಪ್ಪರ, ಆರು ಮೇಜು, ಗೋಡೆಗೆ ಆತುಕೊಂಡ ಎರಡು ಬೆಂಚು, ಬಾಗಿಲಲ್ಲಿ ಕೈ ತೊಳೆಯುವ ನೀರಿನ ಡ್ರಮ್ಮು. ಮಧ್ಯಾಹ್ನ ಹನ್ನೆರಡಾಯಿತೆಂದರೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತದೆ. 2018ರಲ್ಲಿ ಬಬಲೇಶ್ವರ ತಾಲ್ಲೂಕು ಆದಮೇಲೆ ಕಚೇರಿ ಕೆಲಸಕ್ಕೆ ಬರುವ ಹಳ್ಳಿಯವರೂ ಅಲ್ಲಿಯೇ ಉಣ್ಣುತ್ತಾರೆ. ಖಾನಾವಳಿ ಎಂಬುದು ಮರಾಠಿಯ ‘ಖಾಣಾವಳ’ದಿಂದ ನಮ್ಮ ಕಡೆ ಬಂದ ಮಾತು. ದುಡ್ಡು ಕೊಟ್ಟರೂ ಮನೆಯೂಟದಂಥ ಊಟ ಸಿಗುವ ಜಾಗ ಎಂದು ಅದರ ಅರ್ಥ.

ಆದರೆ ನನ್ನ ಮನೆಯಾಕೆಗೆ ಅದರ ಅರ್ಥವೇ ಬೇರೆ ಇತ್ತು. “ಮನ್ಯಾಗ ಮಾಡಾಕಿ ಇಲ್ಲದವ್ರು ಹೋಗೂ ಜಾಗ ಅದು” ಎನ್ನುತ್ತಿದ್ದಳು. ಹತ್ತನೆಯ ವಯಸ್ಸಿಗೆ ತವರಿನಲ್ಲಿ ರೊಟ್ಟಿ ಬಡಿಯಲು ಕೂತವಳು. ಅರವತ್ತೆಂಟಾದರೂ ದಿನಾ ಬೆಳಿಗ್ಗೆ ಎಂಟು ರೊಟ್ಟಿ ಬಡಿಯದೆ ಅವಳಿಗೆ ದಿನ ಆರಂಭವಾಗುತ್ತಿರಲಿಲ್ಲ. ಇಬ್ಬರಿಗೆ ಎಂಟು ಯಾಕೆ ಎಂದು ಕೇಳಿದರೆ, “ಯಾರರ ಬಂದ್ರ?” ಎನ್ನುವಳು. ಬಂದೇ ಬರುತ್ತಿದ್ದರು. ಬಾರದಿದ್ದರೆ ಎದುರಿನ ಮನೆಯ ಆಕಳಿಗೆ ಹಬ್ಬ.

ಹೋದ ದೀಪಾವಳಿಯ ಮುಂದೆ ಅಂಗಳ ಸಾರಿಸುವಾಗ ಅವಳು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ ಹಾಕಿದರು. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು, “ಆಯಿ, ಇನ್ನ ಈ ಕೈಲೆ ರೊಟ್ಟಿ ಬಡಿಯೂದು ಬ್ಯಾಡ್ರಿ” ಎಂದರು. ಅವಳು ಏನೂ ಮಾತಾಡಲಿಲ್ಲ. ಮನೆಗೆ ಬಂದು ಕೊಣಮಗಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಅಟ್ಟದ ಮೇಲೆ ಇಡಿಸಿದಳು. ಮಕ್ಕಳೇ, ಕೊಣಮಗಿ ಅಂದರೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಕಟ್ಟಿಗೆಯ ಅಗಲ ತಟ್ಟೆ. ನಮ್ಮ ಮನೆಯದು ನನ್ನ ಅವ್ವನ ಕಾಲದ್ದು. ನಡುವೆ ಅಂಗೈ ಬಿದ್ದು ಬಿದ್ದು ತಗ್ಗಾಗಿದೆ.

ಆಮೇಲಿನ ದಿನಗಳಲ್ಲಿ ಅಡುಗೆ ನನ್ನ ಪಾಲಿಗೆ ಬಂತು. ಅನ್ನ, ಬೇಳೆ, ಮೊಸರು. ಒಂದು ದಿನ ಪೇಟೆಯಿಂದ ಖಡಕ್ ರೊಟ್ಟಿಯ ಕಟ್ಟು ತಂದೆ. ಅವಳು ಮುಟ್ಟಲಿಲ್ಲ. “ರೊಟ್ಟಿ ಕೊಂಡು ತಿನ್ನೂ ಮನಿ ಆತು ನಮ್ದು” ಎಂದು ಒಂದೇ ಮಾತು ಹೇಳಿ ಎದ್ದು ಹೋದಳು. ದಿನಾ ಎರಡು ತುತ್ತು ಮೊಸರನ್ನ ಉಂಡು “ನನಗ ಹಸಿವಿಲ್ಲ” ಎನ್ನುವಳು. ವಯಸ್ಸಾಯಿತು, ಹಸಿವು ಕಡಿಮೆಯಾಗುತ್ತದೆ ಎಂದು ನಾನೂ ನಂಬಿದೆ. ಅದು ನನ್ನ ತಪ್ಪು.

ಜನವರಿ ಕೊನೆಯಲ್ಲಿ ಮೊಮ್ಮಗಳು ರಜೆಗೆ ಬಂದಳು. ಅವಳು ಜಾರ್ಜಿಯಾ ದೇಶದಲ್ಲಿ ವೈದ್ಯಕೀಯ ಓದುತ್ತಾಳೆ. ಜಾರ್ಜಿಯಾ ಎಂದರೆ ಅಮೆರಿಕದ ಆ ಹೆಸರಿನ ರಾಜ್ಯವಲ್ಲ. ಕಪ್ಪು ಸಮುದ್ರದ ಪೂರ್ವಕ್ಕೆ, ಕಾಕಸಸ್ ಪರ್ವತಗಳ ಮಡಿಲಲ್ಲಿರುವ ಪುಟ್ಟ ದೇಶ. 1991ರವರೆಗೆ ಸೋವಿಯತ್ ಒಕ್ಕೂಟದಲ್ಲಿತ್ತು. ತ್ಬಿಲಿಸಿ ಅದರ ರಾಜಧಾನಿ. ನಮ್ಮ ದೇಶದ ಸಾವಿರಾರು ಹುಡುಗ ಹುಡುಗಿಯರು ಡಾಕ್ಟರಾಗಲು ಅಲ್ಲಿಗೆ ಹೋಗುತ್ತಾರೆ. ಅವಳ ಜೊತೆ ವಿಜಯಪುರದಲ್ಲಿ ಐದನೇ ತರಗತಿ ಓದುವ ಕಿರಿಯ ಮೊಮ್ಮಗನೂ ಹೊರಟಿದ್ದ. ಇಬ್ಬರನ್ನೂ ಕರೆತರಲು ನಾನೇ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ.

ಬರುವಾಗ ದಾರಿಯ ಎರಡೂ ಬದಿ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಸಾರವಾಡದ ಹತ್ತಿರ ಡೋಣಿ ಹೊಳೆಯ ಸೇತುವೆ ಬಂದಾಗ ಮೊಮ್ಮಗ ಕಿಟಕಿಗೆ ಮುಖ ಒತ್ತಿ, “ಇಷ್ಟ ನೀರೇನಜ್ಜಾ?” ಎಂದ. ಡೋಣಿ ಬೇಸಿಗೆಯಲ್ಲಿ ಹಾಗೆಯೇ, ಒಂದು ಎಳೆ. ಮಳೆಗಾಲದಲ್ಲಿ ಮಾತ್ರ ಉಕ್ಕಿ ಹೊಲಗಳಿಗೆ ನುಗ್ಗುತ್ತದೆ. ಆದರೂ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂದು ನಮ್ಮ ಕಡೆ ಗಾದೆಯೇ ಇದೆ. ಆ ದಂಡೆಯ ಎರೆಭೂಮಿ ಅಂಥದ್ದು. ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಆಮೇಲೆ ಒಂದು ಹನಿ ಮಳೆ ಬಾರದಿದ್ದರೂ ಕಪ್ಪು ಮಣ್ಣು ಒಡಲಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಬೆಳೆ ನಿಲ್ಲುತ್ತದೆ. ಫೆಬ್ರುವರಿ ಮಾರ್ಚಿಗೆ ಸುಗ್ಗಿ.

“ಜೋಳ ನಮ್ದ ಅಲ್ಲ, ಗೊತ್ತೇನು?” ಎಂದೆ ಮೊಮ್ಮಗನಿಗೆ. “ಆಫ್ರಿಕಾದಾಗ ಹುಟ್ಟಿ, ಸಾವಿರಾರು ವರ್ಷದ ಹಿಂದ ಇಲ್ಲಿಗೆ ಬಂದೈತಿ.” ಅವನು ನಂಬಲಿಲ್ಲ. “ಮತ್ತ ನಾವು ತಿನ್ನೂದು ಆಫ್ರಿಕಾ ರೊಟ್ಟಿ?” ಎಂದು ನಕ್ಕ.

ಮನೆ ಮುಟ್ಟಿದೊಡನೆ ಮೊಮ್ಮಗಳು ಆಯಿಯ ಎರಡೂ ಕೈ ಹಿಡಿದುಕೊಂಡಳು. ಕೈಯ ಬಳೆಗಳನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಳು. ಬಳೆಗಳು ತಡೆಯಿಲ್ಲದೆ ಮೊಣಕೈವರೆಗೆ ಹೋದವು. ಹೋದ ವರ್ಷ ಇವೇ ಬಳೆ ಮಣಿಕಟ್ಟಿನಿಂದ ಒಂದು ಬೆರಳಿನಷ್ಟೂ ಮೇಲೇರುತ್ತಿರಲಿಲ್ಲ. ಅವಳು ನನ್ನ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ರಾತ್ರಿ ನಾಲ್ವರೂ ಪಡಸಾಲೆಯಲ್ಲಿ ಕೂತಿದ್ದೆವು. ಮೊಮ್ಮಗಳು ತಮ್ಮನಿಗೆ ಒಂದು ವಿಚಿತ್ರ ತಿನಿಸು ತಂದಿದ್ದಳು, ಮೇಣದ ಬತ್ತಿಯಂತೆ ಉದ್ದಕ್ಕೆ. ಅಕ್ರೋಟುಗಳನ್ನು ದಾರಕ್ಕೆ ಪೋಣಿಸಿ, ಹಿಟ್ಟು ಬೆರೆಸಿ ಕುದಿಸಿದ ದ್ರಾಕ್ಷಿ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ್ದು. ಹೆಸರು ಚುರ್ಚ್‌ಖೇಲಾ. “ನಮ್ಮ ತಿಕೋಟಾದಾಗ ದ್ರಾಕ್ಷಿ ಒಣಗಸ್ತಾರ, ಇವರು ರಸಾ ಒಣಗಸ್ತಾರ” ಎಂದು ನನ್ನವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಜಾರ್ಜಿಯಾದಲ್ಲಿ ಎಂಟು ಸಾವಿರ ವರ್ಷಗಳ ಹಿಂದೆಯೇ ದ್ರಾಕ್ಷಿ ಬಳಸುತ್ತಿದ್ದ ಗುರುತುಗಳು ಮಣ್ಣಿನ ಗಡಿಗೆಗಳಲ್ಲಿ ಸಿಕ್ಕಿವೆಯಂತೆ. ಅಲ್ಲಿಯ ಲಿಪಿಯನ್ನೂ ಬರೆದು ತೋರಿಸಿದಳು. ಮೂವತ್ತಮೂರು ಅಕ್ಷರ, ಎಲ್ಲ ನಮ್ಮ ಅಕ್ಷರಗಳಂತೆ ದುಂಡು ದುಂಡು. ಓದಲು ಮಾತ್ರ ಒಂದೂ ಬರುವುದಿಲ್ಲ.

“ನಾಳೆ ಖಾನಾವಳಿಗೆ ಹೋಗೂಣು ಆಯಿ” ಎಂದಳು ಮೊಮ್ಮಗಳು, ಆ ಮಾತಿನ ನಡುವೆಯೇ.

“ನಾ ಒಲ್ಲೆ. ನೀವ ಹೋಗಿ ಬರ್ರಿ.”

“ಯಾಕ?”

“ಕೊಂಡ ರೊಟ್ಟಿ ನನಗ ಇಳಿಯೂದಿಲ್ಲ.”

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ನಾ ಹೋದ ಮೊದಲನೇ ಚಳಿಗಾಲದಾಗ ಎರಡು ವಾರ ಬರೇ ಬ್ರೆಡ್ಡು ತಿಂದಿದ್ದೆ ಆಯಿ. ಹೊರಗ ಬರ್ಫ. ಮನಿ ನೆನಪಾಗಿ ಅಳೂದು. ನಮ್ಮ ರೂಮಿನ ಗಲ್ಲಿಯೊಳಗ, ಮೆಟ್ಟಲ ಇಳಿದು ಹೋಗೂ ನೆಲಮಾಳಿಗ್ಯಾಗ ಒಂದು ಸಣ್ಣ ಊಟದ ಮನಿ ಐತಿ. ಐದಾರು ಮೇಜು. ಒಬ್ಬ ಮುದುಕಿ ನಡಸ್ತಾಳ. ಎಲ್ಲಾರೂ ಆಕಿಗೆ ‘ಬೆಬಿಯಾ’ ಅಂತಾರ. ಬೆಬಿಯಾ ಅಂದ್ರ ಅವರ ಮಾತಿನ್ಯಾಗ ಆಯಿ. ಆಕಿ ಗೊಂಜಾಳ ಹಿಟ್ಟು ನಾದಿ ಅಂಗೈಲೆ ತಟ್ಟಿ ದಪ್ಪ ರೊಟ್ಟಿ ಮಾಡ್ತಾಳ. ಮ್‌ಚಾದಿ ಅಂತಾರ. ಅದರ ಮ್ಯಾಲ ಆಕಿ ಬೆರಳಿನ ಗುರುತು ಹಂಗ ಮೂಡಿರ್ತಾವ. ಜೋಡಿಗೆ ಮಣ್ಣಿನ ಗಡಿಗ್ಯಾಗ ಕುದಿಸಿದ ಕಾಳು ಪಲ್ಯ, ಕೊತ್ತಂಬರಿ ಹಾಕಿದ್ದು. ಮೊದಲನೇ ತುತ್ತಿಗೇ ನನಗ ಅಳು ಬಂತು. ಆಕಿ ಏನೂ ಕೇಳಲಿಲ್ಲ, ಇನ್ನೊಂದು ರೊಟ್ಟಿ ತಂದು ಹಾಕಿದ್ಲು. ಅವತ್ತಿನಿಂದ ವಾರಕ್ಕ ಮೂರು ದಿನಾ ಅಲ್ಲೇ ಉಣ್ತೀನಿ. ಕೊಂಡ ಉಣ್ತೀನಿ ಆಯಿ. ನನಗ ನಾಚಿಕಿ ಆಗಬೇಕಿತ್ತೇನು?”

ಹಾಸಿಗೆ ಹಾಸುವ ಹೊತ್ತಿಗೆ ನನ್ನವಳು ಕೇಳಿದಳು, “ಆ ಮುದುಕಿಗೆ ವಯಸ್ಸೆಷ್ಟು?”

“ನಿನ್ನಷ್ಟ ಇರಬೇಕು.”

“ಹೂಂ” ಎಂದಳು ಅಷ್ಟೇ.

ಮರುದಿನ ಹನ್ನೆರಡೂವರೆಗೆ ಅವಳು ಇಳಕಲ್ ಸೀರೆ ಉಟ್ಟು, ಸೆರಗು ತಲೆಯ ಮೇಲೆ ಹೊದ್ದು, ನಮಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಯಾವುದೋ ಮದುವೆಗೆ ಹೊರಟವಳಂತೆ. ಓಣಿಯಲ್ಲಿ ಯಾರಾದರೂ ಕೇಳಿದರೆ “ಮಕ್ಕಳು ಹಟ ಮಾಡ್ಯಾವು” ಎನ್ನಬೇಕೆಂದು ನನಗೆ ತಾಕೀತು ಮಾಡಿದಳು.

ಖಾನಾವಳಿಯಲ್ಲಿ ಮೂಲೆಯ ಮೇಜು ಸಿಕ್ಕಿತು. ಪಕ್ಕದ ಮೇಜಿನಲ್ಲಿ ಕಚೇರಿಗೆ ಬಂದ ರೈತರು, ಆಚೆ ಒಬ್ಬ ಬಸ್ ಚಾಲಕ, ಇನ್ನೊಂದರಲ್ಲಿ ಕಾಲೇಜು ಹುಡುಗರು. ಕೇಳುವ ಮೊದಲೇ ಸ್ಟೀಲಿನ ಗಂಗಾಳಗಳು ಬಂದವು. ಮೊದಲು ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೆಂತ್ಯದ ತಪ್ಪಲು. ಆಮೇಲೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ. ಅದರ ಪಕ್ಕ ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಗುರೆಳ್ಳು ಶೇಂಗಾ ತುಂಬಿದ ಎಣ್ಣೆಗಾಯಿ ಬದನೆಕಾಯಿ. ಒಂದು ಬಟ್ಟಲು ಗಟ್ಟಿ ಮೊಸರು.

ಮೊಮ್ಮಗಳು ಎಣ್ಣೆಗಾಯಿ ನೋಡಿ, “ಅಲ್ಲಿಯೂ ಇಂಥದ್ದೊಂದು ಐತಿ ಅಜ್ಜಾ” ಎಂದಳು. “ಬದನಿಕಾಯಿ ಉದ್ದಕ ಹೆಚ್ಚಿ ಎಣ್ಣ್ಯಾಗ ಕರದು, ಒಳಗ ಅಕ್ರೋಟಿನ ಹಿಂಡಿ ಹಚ್ಚಿ ಸುತ್ತತಾರ. ಬದ್ರಿಜಾನಿ ಅಂತಾರ. ಕಾಳಿಗೆ ಲೋಬಿಯೊ ಅಂತಾರ.”

“ಬದ್ರಿಜಾನಿ ನಮ್ಮ ಬದನಿಕಾಯಿಯ ಅಕ್ಕನೇನು?” ಎಂದ ಮೊಮ್ಮಗ. ನಮ್ಮಲ್ಲಿ ಶೇಂಗಾ, ಅಲ್ಲಿ ಅಕ್ರೋಟು. ನೆಲ ಏನು ಕೊಡುತ್ತದೋ ಅದನ್ನೇ ಅಡುಗೆಯವರು ಬದನೆಕಾಯಿಯೊಳಗೆ ತುಂಬುತ್ತಾರೆ.

ಅಷ್ಟರಲ್ಲಿ ಬಿಸಿ ರೊಟ್ಟಿ ಬಂತು. ಎಲ್ಲರ ಕೈ ಗಂಗಾಳಕ್ಕೆ ಇಳಿದರೂ ನನ್ನವಳ ಕೈ ಇಳಿಯಲಿಲ್ಲ. ಅವಳ ಕಿವಿ ಒಳಗಿನ ಸಪ್ಪಳದ ಮೇಲಿತ್ತು. ಪಟ ಪಟ ಪಟ, ಒಂದು ಕ್ಷಣ ಬಿಡುವು, ಮತ್ತೆ ಪಟ ಪಟ. “ಎರಡು ಮಂದಿ ಬಡ್ಯಾಕತ್ತಾರ” ಎಂದಳು. “ಒಬ್ಬಾಕಿ ಹಳಬಿ, ಒಬ್ಬಾಕಿ ಈಗೀಗ ಕಲ್ತಾಕಿ.” ಎದ್ದು ನೇರ ಒಳಗೆ ಹೋದಳು. ಮೊಮ್ಮಗ ಅವಳ ಸೆರಗು ಹಿಡಿದು ಹಿಂದೆ. ನಾನೂ ಗಂಗಾಳ ಬಿಟ್ಟು ಎದ್ದೆ.

ಒಳಗೆ ನಿಜಕ್ಕೂ ಇಬ್ಬರಿದ್ದರು. ಐವತ್ತರ ಆಸುಪಾಸಿನ ಅಕ್ಕ ಒಬ್ಬರು, ಅವರ ಸೊಸೆ ಇನ್ನೊಬ್ಬಳು. ಅಕ್ಕ ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ಎಸರು ಹೊಯ್ದರು. ಬಿಸಿ ಇರುವಾಗಲೇ ನಾದಿದರು. ಮೊಮ್ಮಗ ಕೈ ಹಿಂದಕ್ಕೆಳೆದುಕೊಂಡು, “ಸುಡೂದಿಲ್ಲೇನು? ತಣ್ಣೀರಾಗ ಯಾಕ ಕಲಸೂದಿಲ್ಲ?” ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ. ಅದಕ್ಕೇ ಚಪಾತಿ ಲಟ್ಟಿಸಿದರೆ ಹರಿಯದೆ ಹಿಗ್ಗುತ್ತದೆ. ಜೋಳದಲ್ಲಿ ಆ ಅಂಟಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಸ್ವಲ್ಪ ಬೆಂದು ಅಂಟಾಗುತ್ತದೆ. ಅದಕ್ಕೆ ನಾವು ಜಿಗಿ ಎನ್ನುತ್ತೇವೆ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿಯ ಅಂಚು ಸೀಳುತ್ತದೆ. ಆದ್ದರಿಂದಲೇ ಜೋಳದ ಹಿಟ್ಟನ್ನು ತಿಂಗಳುಗಟ್ಟಲೆ ಇಡದೆ ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ.

“ಜೋಳ ಯಾವ್ದು ತಂಗಿ?” ನನ್ನವಳ ಮೊದಲ ಪ್ರಶ್ನೆ.

“ಮಾಲದಂಡಿ ಆಯಿ. ಸಾರವಾಡದ ಕಡೀದು.”

“ಬೀಸಿ ಎಷ್ಟು ದಿನಾತು?”

“ನಿನ್ನಿ ಸಂಜಿಕ.”

ನನ್ನವಳು ತಲೆಯಾಡಿಸಿದಳು. ಅಕ್ಕ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿದರು. ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದರು, ತಿರುವಿದರು, ಆಮೇಲೆ ಒಲೆಯ ಬೆಂಕಿಗೆ ಆನಿಸಿದರು. ರೊಟ್ಟಿ ನಿಧಾನಕ್ಕೆ ಉಬ್ಬಿತು. ಮೊದಲು ಅಂಚು, ಆಮೇಲೆ ನಡುವೆ, ಕೊನೆಗೆ ಪೂರಾ.

“ಅಜ್ಜಾ, ಗೋಳಗುಮ್ಮಟ!” ಮೊಮ್ಮಗ ಕೂಗಿದ.

ಅಕ್ಕ ನಕ್ಕರು. ಅವನ ಮಾತು ಸುಳ್ಳೇನಲ್ಲ. ಸುಲ್ತಾನ್ ಮೊಹಮ್ಮದ್ ಆದಿಲ್‌ಶಾಹನ ಸಮಾಧಿಯ ಮೇಲಿನ ಆ ಗುಮ್ಮಟ ಸುಮಾರು 44 ಮೀಟರ್ ಅಗಲ. ಒಳಗೆ ಒಂದು ಕಂಬವೂ ಇಲ್ಲ. ಅದನ್ನು ಎತ್ತಿ ಹಿಡಿದದ್ದು ಕಲ್ಲು ಗಾರೆಯ ಲೆಕ್ಕಾಚಾರ. ರೊಟ್ಟಿಯನ್ನು ಎತ್ತುವುದು ಬರೀ ಹಬೆ. ಎರಡು ಪದರುಗಳ ನಡುವೆ ಸಿಕ್ಕ ನೀರು ಹಬೆಯಾಗಿ ಹೊರಗೆ ಹೋಗಲು ದಾರಿ ಇಲ್ಲದೆ ಮೇಲ್ಪದರನ್ನು ಎತ್ತುತ್ತದೆ. ಎಲ್ಲಾದರೂ ಒಂದು ಸಣ್ಣ ತೂತಿದ್ದರೆ ಗುಮ್ಮಟ ಏಳುವುದೇ ಇಲ್ಲ.

ಅಕ್ಕ ಆ ರೊಟ್ಟಿಯನ್ನು ನನ್ನವಳ ಕೈಗೇ ಕೊಟ್ಟರು. “ತಗೋರಿ ಆಯಿ. ನಿಮ್ಮ ಕೈ ರೊಟ್ಟಿ ಸಪ್ಪಳಾ ನಾ ದಿನಾ ಮುಂಜಾನೆ ಕೇಳ್ತಿದ್ದೆ. ಈ ದಾರಿಲೇ ಕಾಯಿಪಲ್ಯೆಕ್ಕ ಹೋಗೂದು ನಾ. ಮೂರು ತಿಂಗಳಾತು, ಬಂದ್ ಆತು. ಕೈಗೆ ಹಿಂಗಾಗೈತಿ ಅಂತ ಆಮ್ಯಾಲ ಗೊತ್ತಾತು.”

ನನ್ನವಳು ಬಹಳ ಹೊತ್ತು ಮಾತಾಡಲಿಲ್ಲ. ರೊಟ್ಟಿಯನ್ನು ಮುರಿದು, ಪದರು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಅಲ್ಲಿಯೇ ಮಣೆಯ ಮೇಲೆ ಕೂತು, ಬರಿ ರೊಟ್ಟಿಯನ್ನೇ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ತುತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನೀರಿನ ಡ್ರಮ್ಮಿನ ಕಡೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅವಳು ಮೇಜಿಗೆ ಮರಳಿ ಪೂರಾ ಎರಡು ರೊಟ್ಟಿ ಉಂಡಳು. ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡಳು. ಕೊನೆಗೆ ಕಟ್ಟಿನ ಸಾರು, ಅನ್ನ, ಮಜ್ಜಿಗೆ. ಏಳುವಾಗ ಅಕ್ಕನಿಗೆ ಹೇಳಿದಳು: “ಎಣ್ಣೆಗಾಯಿಗೆ ಗುರೆಳ್ಳು ಇನ್ನ ತುಸು ಹುರೀಬೇಕಿತ್ತು. ರೊಟ್ಟಿಗೆ ಹೆಸರಿಡಾಂಗಿಲ್ಲ.”

“ಗುರೆಳ್ಳು ಸೊಸಿ ಹುರದಾಳ್ರಿ” ಎಂದು ಅಕ್ಕ ನಕ್ಕರು. ಆಮೇಲೆ ತಮ್ಮ ಬಲಭುಜ ಒತ್ತಿಕೊಂಡು, “ದಿನಾ ಇನ್ನೂರರ ಮ್ಯಾಲ ಆಗ್ತಾವು ಆಯಿ. ಸಂಜಿಗೆ ರಟ್ಟಿ ಎತ್ತಾಕ ಬರೂದಿಲ್ಲ” ಎಂದರು.

“ಐವತ್ತಕ್ಕೊಮ್ಮೆ ಕೈ ಬದಲ ಮಾಡು ತಂಗಿ. ಎಡಗೈಲೆ ಬಡಿಯೂದು ಕಲಿ. ನಾ ಕಲೀಲಿಲ್ಲ. ಕಲ್ತಿದ್ರ ಇವತ್ತ ಹಿಂಗ ಕೂಡ್ತಿದ್ದಿಲ್ಲ” ಎಂದಳು ನನ್ನವಳು. ಸೊಸೆಯ ಕಡೆ ತಿರುಗಿ, “ನೀ ಈಗಿಂದ ಕಲಿ” ಎಂದಳು. ಆ ಹುಡುಗಿ ಅಲ್ಲಿಯೇ ಎಡಗೈಯಿಂದ ಬಡಿದು ನೋಡಿದಳು. ರೊಟ್ಟಿ ಮೂಲೆ ಮೂಲೆಯಾಯಿತು. ಎಲ್ಲರೂ ನಕ್ಕರು, ಆಕೆಯೂ.

ಮರುದಿನ ನಸುಕಿನಲ್ಲಿ ನಮ್ಮ ಅಟ್ಟದಿಂದ ಕೊಣಮಗಿ ಇಳಿಯಿತು. ಆಯಿ ಕುರ್ಚಿಯ ಮೇಲೆ, ಮೊಮ್ಮಗಳು ನೆಲದ ಮೇಲೆ. “ಎಸರು ಇನ್ನೊಂದೀಟು. ನಾದು, ಇನ್ನ ನಾದು. ಅಂಚಿಗೆ ಬಡಿ, ನಡುವ ಬ್ಯಾಡ.” ಮೊದಲ ರೊಟ್ಟಿ ಹಂಚಿಗೆ ಎತ್ತುವಾಗಲೇ ಹರಿಯಿತು. ಎರಡನೆಯದು ಉದ್ದಕ್ಕೆ ಓಡಿತು. “ಅಕ್ಕಾ, ಇದು ಜಾರ್ಜಿಯಾದ ನಕಾಶೆ” ಎಂದು ತಮ್ಮ ಚಪ್ಪಾಳೆ ಹೊಡೆದ. ಮೂರನೆಯದು ಸ್ವಲ್ಪ ದುಂಡಗಾಯಿತು, ದಪ್ಪವಾಯಿತು, ಉಬ್ಬಲಿಲ್ಲ. ಅದರ ಮೇಲೆ ಐದೂ ಬೆರಳು ಮೂಡಿದ್ದವು. ಆಯಿ ಅದನ್ನೇ ತನ್ನ ಗಂಗಾಳಕ್ಕೆ ಹಾಕಿಸಿಕೊಂಡಳು.

ಮೊಮ್ಮಗಳು ಹೊರಡುವ ಎರಡು ದಿನ ಮೊದಲು ನನ್ನವಳು ಒಬ್ಬಳೇ ಖಾನಾವಳಿಗೆ ಹೋಗಿ ಬಂದಳು. ಸಂಜೆ ಅಕ್ಕನ ಸೊಸೆ ಬಿಳಿ ಅರಿವೆಯಲ್ಲಿ ಸುತ್ತಿದ ದೊಡ್ಡ ಗಂಟು ತಂದಿಟ್ಟಳು. ಐವತ್ತು ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ನೀರಿನಂಶ ಹೋಗುವವರೆಗೆ ಬೇಯಿಸಿದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ.

“ಕೊಂಡದ್ದೇನು ಆಯಿ?” ಎಂದು ಮೊಮ್ಮಗಳು ಬೇಕೆಂದೇ ಕೇಳಿದಳು.

“ಕೊಂಡದ್ದ. ನಲವತ್ತು ನಿನಗ, ಹತ್ತು ಆ ಮುದುಕಿಗೆ” ಎಂದಳು ನನ್ನವಳು. “ಇಲ್ಲೊಬ್ಬಾಕಿ ಆಯಿ ಕೊಟ್ಟಾಳ ಅಂತ ಹೇಳು.”

ಈಗ ಸೋಮವಾರ, ಗುರುವಾರ ನಾವಿಬ್ಬರೂ ಖಾನಾವಳಿಯಲ್ಲಿಯೇ ಉಣ್ಣುತ್ತೇವೆ. ಉಳಿದ ದಿನ ಅಲ್ಲಿಂದ ನಾಲ್ಕು ಬಿಸಿ ರೊಟ್ಟಿ ತರುವುದು ನನ್ನ ಕೆಲಸ. ಗುರೆಳ್ಳು ಈಗ ಸರಿಯಾಗಿ ಹುರಿಯುತ್ತಾರೆ. ಹೋದ ವಾರ ನನ್ನವಳ ಬಳೆಗಳನ್ನು ಸುಮ್ಮನೆ ಸರಿಸಿ ನೋಡಿದೆ. ಮೊಣಕೈವರೆಗೆ ಹೋಗಲಿಲ್ಲ, ಅರ್ಧದಲ್ಲಿಯೇ ನಿಂತವು. “ಏನ ಮಾಡಾಕತ್ತೀರಿ?” ಎಂದು ಕೈ ಎಳೆದುಕೊಂಡಳು.

ಮಕ್ಕಳೇ, ರಜೆಗೆ ಊರಿಗೆ ಹೋದಾಗ ನಿಮ್ಮ ಆಯಿಯ ಕೈಯನ್ನು ಒಮ್ಮೆ ಹಿಡಿದು ನೋಡಿ. “ಉಂಡಿಯೇನು?” ಎಂದು ಕೇಳಿದರೆ ಆಕೆ ಹೌದು ಎಂದೇ ಹೇಳುತ್ತಾಳೆ. ಅದಕ್ಕೆ ಕೇಳಬೇಡಿ, ಪಕ್ಕದಲ್ಲಿ ಕೂತು ಜೊತೆಗೇ ಉಣ್ಣಿ.